ಪೂಜೆಯಾದ ಹೊಸ ಕಾರು

ಸಿರುಗುಪ್ಪ, 8-3-1989

ಬಳ್ಳಾರಿಯ ಕಾರು ವ್ಯಾಪಾರಿ ಹಾಲಸಿದ್ದಪ್ಪನವರಿಗೆ ನಮಸ್ಕಾರ.

ಹೊಸದೆಂದು ನೀವು ಮಾರಿದ ಕಾರು ಮನೆ ಮುಟ್ಟುವ ಮೊದಲೇ ಬಾದನಹಟ್ಟಿಯಲ್ಲಿ ಕೆಟ್ಟು ನಿಂತಿತು. ಫೋನ್ ಮಾಡಿದರೆ, “ಪೂಜಿ ಮಾಡಿಸಿಲ್ಲಲ್ಲ, ಅದಕ್ಕ ಕಾಡತೈತಿ” ಎಂದು ನಕ್ಕಿರಿ. ನಿಜ, ಕರೂರಿನಿಂದ ಅತ್ತೆ ಬಂದು ಪೂಜೆ ಮಾಡಲೆಂದು ನಾವು ಒಂದು ಬೊಟ್ಟು ಕುಂಕುಮವನ್ನೂ ಇಟ್ಟಿರಲಿಲ್ಲ. ಆದರೆ ಮೆಕ್ಯಾನಿಕ್ ಮುನಾಫ್ ಬಂಪರ್ ಬಿಚ್ಚಿದಾಗ ಒಳಗೆ ಒಣಗಿದ ನಿಂಬೆಹಣ್ಣು, ಮೆಣಸಿನಕಾಯಿ ಸಿಕ್ಕವು. “ಇದಕ್ಕ ಯಾರೋ ಆಗಲೇ ಪೂಜಿ ಮಾಡ್ಯಾರ್ರೀ ಅಮ್ಮ” ಎಂದ.

ಯಾರು ಓಡಿಸಿ ಬಿಟ್ಟ ಕಾರನ್ನು ನನ್ನ ತಲೆಗೆ ಕಟ್ಟಿದಿರಿ? ಸೋಮವಾರದೊಳಗೆ ಪೂರ್ತಿ ಹಣ ವಾಪಸ್ ಕೊಟ್ಟು ಕಾರು ಒಯ್ಯಿರಿ. ಇಲ್ಲದಿದ್ದರೆ, ಅತ್ತೆ ಪೂಜೆಗೆಂದು ತಂದ ತಟ್ಟೆಯಲ್ಲೇ ಆ ನಿಂಬೆಹಣ್ಣು ಇಟ್ಟುಕೊಂಡು ಗ್ರಾಹಕರ ವೇದಿಕೆಯ ಮೆಟ್ಟಿಲು ಹತ್ತುತ್ತೇನೆ. ಅಲ್ಲಿಯೂ ಹಾಗೇ ನಗಿರಿ, ನೋಡೋಣ.

ಸೋಮವಾರದವರೆಗೆ ಮಾತ್ರ ನಿಮ್ಮ ಗಿರಾಕಿ,
ಕೊಟ್ರಬಸಮ್ಮ