‘ತಲುಪಿದೆ’ ಎನ್ನದ ಕ್ಯಾಪ್ಟನ್‌ಗೆ

ಡಾರ್ಸಿ,

ನೀನು ಗೊರಕೆ ಹೊಡೆಯುತ್ತಿದ್ದಾಗ ಸದ್ದು ಮಾಡದೆ ನಿನ್ನ ಸರ್ಫ್ ಬೋರ್ಡಿನ ಉಪ್ಪು ತೊಳೆದು ವರಾಂಡದಲ್ಲಿ ಒರಗಿಸಿದ್ದೇನೆ. ಹತ್ತು ಗಂಟೆಗೆ ಸರ್ಫಿಂಗ್ ಕಲಿಯಲು ಬರುವ ಸಿಡ್ನಿಯವರಿಗೆ ನಾಳೆ ಬರಲು ಹೇಳು. ಫ್ರಿಜ್ಜಿನಲ್ಲಿರುವ ಪೈ ಅಮ್ಮನದು, ಮುಟ್ಟಬೇಡ.

ನಿನ್ನೆ ಬಂದರಿನ ಬಾಯಿ ದಾಟುವಾಗ ನೀನು ರೇಡಿಯೊದಲ್ಲಿ ರಕ್ಷಣಾ ಕೇಂದ್ರಕ್ಕೆ ‘ಹೊರಟೆ’ ಎಂದು ಗತ್ತಿನಿಂದ ಹೇಳಿದೆ, ಪ್ರವಾಸಿಗರು ಕೇಳುತ್ತಿದ್ದರಲ್ಲ. ವಾಪಸ್ ಬಂದ ಮೇಲೆ ‘ತಲುಪಿದೆ’ ಎನ್ನಲು ಮರೆತೆ. ದೋಣಿಯನ್ನು ಕ್ಲಬ್ಬಿನ ಹಿಂದೆ ಕಟ್ಟಿದ್ದೆ, ಫೋನ್ ಎಂದಿನಂತೆ ಸತ್ತಿತ್ತು. ಹಾಗಾಗಿ ಸಂಜೆ ರಕ್ಷಣಾ ದೋಣಿ ನಿನ್ನನ್ನು ಹುಡುಕಲು ಹೊರಟಿತು. ನೀನು ಕ್ಲಬ್ಬಿನ ಕಿಟಕಿಯಿಂದ ಅದನ್ನೇ ತೋರಿಸಿ, “ನೋಡ್ರಪ್ಪಾ, ಯಾವನೋ ದಡ್ಡ ಕಳೆದುಹೋಗಿದಾನೆ, ಅವನ ಹೆಸರಲ್ಲಿ ಇನ್ನೊಂದು ಬಿಯರ್!” ಅಂದೆಯಂತೆ. ನಿನ್ನ ಬಗ್ಗೆ ನೀನು ಇಷ್ಟು ಸರಿಯಾಗಿ ಹೇಳಿದ್ದು ಇದೇ ಮೊದಲು.

ಆ ದೋಣಿಯಲ್ಲಿ ಎಪ್ಪತ್ತು ದಾಟಿದ ಕ್ಲೆಮ್ ತಾತ ಇದ್ದರು. ಅಲೆಗೆ ದೋಣಿ ಎಗರಿದಾಗ ಬಿದ್ದು ಎರಡು ಪಕ್ಕೆಲುಬು ಮುರಿದುಕೊಂಡಿದ್ದಾರೆ. ದಡಕ್ಕೆ ತಂದಾಗ ಸ್ಟ್ರೆಚರ್ ಮೇಲೂ ನನ್ನ ಕೈ ಹಿಡಿದು, “ಹುಡುಗ ಸಿಕ್ಕಿದ್ನೇನಮ್ಮಾ?” ಎಂದೇ ಕೇಳುತ್ತಿದ್ದರು. ಸಿಕ್ಕಿದ ಎಂದೆ. ನೀನು ಎಲ್ಲಿ ಸಿಕ್ಕಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ತಂಗಿಗೆ ಮಾತು ಬರುವುದಿಲ್ಲ ಎಂದು ನೀನೇ ಊರಿಗೆಲ್ಲ ಹೇಳುತ್ತೀಯಲ್ಲ.

ನಾನೀಗ ಆಸ್ಪತ್ರೆಗೆ ಹೊರಟಿದ್ದೇನೆ. ಅವರು ಮತ್ತೆ ಕೇಳುತ್ತಾರೆ. ನೀನೇ ಬಂದು ಹೇಳು.

ಟೆಗನ್