ದಾನವ್ವ ತಂದ ಸೇವಂತಿಗೆ

ಭಾಂಡುಪ್, ೩ ಜೂನ್ ೧೯೫೬

ಅವ್ವಾ,

ಕಳೆದ ಭಾನುವಾರ ಪಕ್ಕದ ಚಾಳಿನ ದಾನವ್ವ ಸೇವಂತಿಗೆಯ ಏಳು ಮರಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು. ಹಿಂದೆ ನೀನೇ ಅವಳಿಗೆ ಕೊಟ್ಟ ಗಿಡದ ಬುಡದಲ್ಲಿ ಒಡೆದವಂತೆ. "ನಿಮ್ಮವ್ವನ ಗಿಡ ಏನಾದವೋ ಮುರಿಗ್ಯಾ? ಗ್ವಾಡಿ ಬಾಜೂಕ ಒಂದೂ ಕಾಣವಲ್ಲವು" ಎಂದಳು.

ನಾನೇ ಕಿತ್ತೆ ಎಂದು ಹೇಳಿದೆ. ನೀನು ಆಸ್ಪತ್ರೆ ಸೇರಿದಾಗ, ಶಾಲೆಯಿಂದ ಬಂದು ಸುಮ್ಮನೆ ಕೂರಲಾಗದೆ ಒಂದು ದಿನ ಅಂಗಳ ಹಸನು ಮಾಡಿದ್ದೆ. ಹೂ ಮುಗಿದು ಕಡ್ಡಿ ಒಣಗಿದರೂ ಬೇರು ಬದುಕಿರುತ್ತದೆ, ಮೇಲಿನದನ್ನು ಕತ್ತರಿಸಿ ಬಿಟ್ಟರೆ ಸಾಕು ಎಂಬುದು ನನಗೆ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನೀನು "ಸೇವಂತಿಗಿ ಚಿಗತಾವೇನಪಾ?" ಎಂದು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನೀನು "ಹೋಗ್ಲಿ ಬಿಡು" ಎಂದೆ. ಆಮೇಲೆ ಬದುಕಿದ್ದ ನಾಲ್ಕು ದಿನ ಮನೆಯ ಸುದ್ದಿ ಏನನ್ನೂ ಕೇಳಲಿಲ್ಲ.

ಆಸ್ಪತ್ರೆಯ ಈ ಮಾತನ್ನೂ ನನ್ನಿಂದ ಕೇಳಿ ದಾನವ್ವ ಹಣೆ ಬಡಿದುಕೊಂಡಳು. "ಚಿಗತಾವ ಅಂದಿದ್ರ ನಿನ್ನ ಗಂಟೇನ್ ಹೋಗ್ತಿತ್ತೋ, ಖೋಡಿ?"

"ಚಿಗತಿರಲಿಲ್ಲಲ್ಲ" ಎಂದೆ.

ಅವಳು ಒದ್ದೆ ಬಟ್ಟೆ ಬಿಚ್ಚಿದಳು. ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಗೋಡೆಯ ಉದ್ದಕ್ಕೂ ಗೇಣಿಗೊಂದರಂತೆ ಮರಿಗಳನ್ನು ನೆಟ್ಟೆವು.

ಈಗ ಐದು ಬೇರು ಹಿಡಿದಿವೆ. ಉಳಿದೆರಡು ಎಲೆ ಉದುರಿಸಿ ಬರೀ ಕಡ್ಡಿಯಾಗಿ ನಿಂತಿವೆ. ಇವತ್ತು ಮುಂಜಾನೆ ಅಪ್ಪ ನೋಡಿ, "ಅವೆರಡು ಸತ್ತಾವ, ತಗದ ಒಗಿ" ಎಂದ. ಇರಬಹುದು. ಮಳೆ ಇನ್ನೂ ಬಂದಿಲ್ಲ. ಐದಕ್ಕೆ ಹಾಕುವಾಗ ಅವಕ್ಕೂ ನೀರು ಹಾಕುತ್ತಿದ್ದೇನೆ.

ಮುರಿಗೆಪ್ಪ