ಆ ಮಾತು ಮರಾಠಿಯಲ್ಲಿತ್ತು

ಶಹಾಪುರ,
೧೧ ಫೆಬ್ರವರಿ ೧೯೯೪

ಪ್ರೀತಿಯ ಸೊಸೆ ಅಯ್ಯಮ್ಮನಿಗೆ ಮಾವ ಮಹಾದೇವಪ್ಪನ ಆಶೀರ್ವಾದಗಳು.

ಹೇಗಿದ್ದೀ ಯವ್ವಾ? ಕಟ್ಟಡದ ಕೆಲಸದಲ್ಲಿ ಬಿದ್ದು ಪೆಟ್ಟಾಗಿದ್ದ ಮೊಣಕಾಲು ಈಗ ನೆಟ್ಟಗಾಗಿದೆಯೇ? ನಿನ್ನ ಕಾಗದ ತಲುಪಿತು. ನಾಲ್ಕನೇ ತರಗತಿಯಲ್ಲಿ ನಾನೇ ಕಿವಿ ಹಿಂಡಿ ಕಲಿಸಿದರೂ ನಿನ್ನ ಒತ್ತಕ್ಷರಗಳು ಇನ್ನೂ ಗೆರೆ ಬಿಟ್ಟು ಕೆಳಗೆ ಜಾರುತ್ತಿವೆ. ಇಲ್ಲಿ ಕಾಲುವೆಗೆ ನೀರು ಬಿಟ್ಟಿದ್ದಾರೆ, ಭತ್ತದ ನಾಟಿ ಮುಗಿಯಿತು. ನಿಮ್ಮತ್ತೆ ಸುಂದ್ರಮ್ಮ ಸೊಂಟ ಹಿಡಿದುಕೊಂಡೇ ಓಡಾಡುತ್ತಾಳೆ. ನನಗೇನೂ ಅನ್ನಿಸುತ್ತಿಲ್ಲ. ಉಣ್ಣುತ್ತೇನೆ, ರುಚಿ ತಿಳಿಯುವುದಿಲ್ಲ.

ದ್ಯಾವಪ್ಪ ಹೇಗಿದ್ದಾನೆ ಎಂದು ಕೇಳಿದ್ದೀ. ದೀಪಾವಳಿಗೆ ಯಾದಗಿರಿ ಸ್ಟೇಷನ್ನಿನಲ್ಲಿ ನಿನ್ನ ಗಂಡನನ್ನು ನನ್ನ ಕೈಗೆ ಒಪ್ಪಿಸಿ, ಗುಳಿಗೆಯ ಚೀಲ ಕೊಟ್ಟು, "ಮಾವಾರ, ಒಂದ್ ದಿನಾನೂ ತಪ್ಪಸಬ್ಯಾಡ್ರಿ" ಎಂದು ಹೇಳಿ ನೀನು ಕೆಲಸಕ್ಕೆ ಮುಂಬಯಿಗೆ ಮರಳಿದೆ. ಯಾರೂ ಇಲ್ಲದ ಕಡೆಯಿಂದ ಬೈಗುಳ ಕೇಳುತ್ತದೆ ಎಂದು ಅವನು ದಾರಿಯಲ್ಲಿ ಹೇಳಿದ. ಯಾವ ಭಾಷೆಯಲ್ಲೋ ಎಂದೆ. "ಮರಾಠಿಯಾಗ" ಅಂದ. ನನಗೆ ಎದೆ ಹಗುರಾಯಿತು. ಒಂದು ಖೋಲಿಯಲ್ಲಿ ಹನ್ನೊಂದು ಜನ, ಕಿವಿಯ ಪಕ್ಕದಲ್ಲೇ ರೈಲು, ಗುರುತಿಲ್ಲದ ಮುಖಗಳು. ಇದು ಮುಂಬಯಿ ಹತ್ತಿಸಿದ ರೋಗ. ನಮ್ಮ ಓಣಿಯಲ್ಲಿ ಮರಾಠಿ ಯಾರಿಗೆ ಬರುತ್ತದೆ, ಆ ದನಿಗಳು ಇಲ್ಲಿ ಬಂದು ಯಾರ ಜೊತೆ ಮಾತಾಡಬೇಕು? ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮಾಸ್ತರನ ತೀರ್ಮಾನ ಇದು, ನೀನು ನಗಬಹುದು. ಎರಡು ತಿಂಗಳು ಅವನು ಚೆನ್ನಾಗಿಯೇ ಇದ್ದ. ಉಂಡ, ಮಲಗಿದ, ಆಳುಗಳ ಜೊತೆ ಸಸಿ ಕಿತ್ತ. ಊರ ನೀರು, ಊರ ಗಾಳಿ ಎಂದು ನಾನು ಬಸ್‌ ಸ್ಟ್ಯಾಂಡಿನಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ಬೀಗಿದೆ.

ಹೋದ ತಿಂಗಳ ಕೊನೆಗೆ ಒಂದು ದಿನ ಗದ್ದೆಯಿಂದ ಬಂದವನು ಕೆಸರುಗಾಲಲ್ಲೇ ಅಂಗಳದಲ್ಲಿ ನಿಂತ. "ಯಪ್ಪಾ, ಈಗ ಅವು ಕನ್ನಡದಾಗ ಮಾತಾಡಾಕತ್ತಾವ" ಎಂದ. ಸುಂದ್ರಮ್ಮ ಅಳುತ್ತ ಕುಳಿತಳು. ನಾನು ಒಳಗೆ ಹೋಗಿ ಗಡಿಯಾರಕ್ಕೆ ಕೀಲಿ ಕೊಟ್ಟೆ. ಏಕೆ ಹಾಗೆ ಮಾಡಿದೆನೋ ತಿಳಿಯದು. ಈಗ ಅವನು ಹಗಲೆಲ್ಲ ಪಕ್ಕದ ಮನೆಯ ಚಮನಬೀಯ ಕಟ್ಟೆಯ ಮೇಲೆ ಕೂಡುತ್ತಾನೆ. ಆಕೆ ರೊಟ್ಟಿ ಕೊಟ್ಟರೆ ತಿನ್ನುತ್ತಾನೆ. ಪುಣ್ಯಾತ್ಗಿತ್ತಿ, ಒಂದು ಮಾತೂ ಕೇಳುವುದಿಲ್ಲ.

ಬಿಸಿಲಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡು. ನಿಮ್ಮತ್ತೆ ನಿನ್ನನ್ನು ಬಹಳ ನೆನೆಯುತ್ತಾಳೆ. ನೀನು ಸುಖವಾಗಿರಬೇಕು, ನಮಗೆ ಅಷ್ಟೇ ಸಾಕು.

ನಿನ್ನ ಮಾವ,
ಮಹಾದೇವಪ್ಪ ಮಾಸ್ತರ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಹೊಸ ವರ್ಷದ ಮೊದಲ ವಾರದಲ್ಲೇ ಗುಳಿಗೆ ನಿಲ್ಲಿಸಿದವನು ನಾನು. ಗುಳಿಗೆಯ ದೆಸೆಯಿಂದ ಅವನ ಕೈ ನಡುಗಿ ಸಸಿ ಜಾರುತ್ತಿತ್ತು, ಆಳುಗಳು ನಗುತ್ತಿದ್ದರು. ಆ ಎರಡು ತಿಂಗಳು ಅವನನ್ನು ಕಾಯ್ದದ್ದು ಗುಳಿಗೆ, ಊರಲ್ಲ. ಉಳಿದ ಗುಳಿಗೆ ಹಾಗೆಯೇ ಇವೆ, ಆದರೆ ನಾನು ಕೊಟ್ಟರೆ ಒಲ್ಲೆ ಅನ್ನುತ್ತಾನೆ. ಅವನಿಗೆ ಈಗ ಕೇಳುವ ದನಿ ನನ್ನದೇ ಅಂತೆ. ನಾನು ಬಾಯಿ ತೆರೆದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಒಂಬತ್ತು ದಿನದಿಂದ ಮನೆಯಲ್ಲಿ ನಾನು ಮಾತಾಡಿಲ್ಲ. ನೀನು ಬಾ.